ಬೇಕಲ ಕೋಟೆಯ ಒಳಗೆ ನೋಡುವುದಕ್ಕೆ ಏನಿದೆ?

ಮಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ಬೇಕಲ ಕೋಟೆ ನೋಡಿ ಬರಬಹುದೇ, ಒಳಗೆ ಬರೀ ಬಯಲು ಎನ್ನುತ್ತಾರಲ್ಲ, ಅಷ್ಟು ದೂರ ಹೋಗುವುದು ಸಾರ್ಥಕವೇ ಎಂದು ನೀವು ಕೇಳಿದ್ದೀರಿ. ಖಂಡಿತವಾಗಿ ಹೋಗಿ ಬನ್ನಿ. ಮಂಗಳೂರಿನಿಂದ ದೂರ ಸುಮಾರು 65 ಕಿಲೋಮೀಟರ್. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಸೇತುವೆ ದಾಟಿ ಕಾಞಂಗಾಡಿಗೆ ಹೋಗುವ ಕರಾವಳಿ ರಸ್ತೆಯನ್ನು ಹಿಡಿದರೆ ಕೋಟೆ ದಾರಿಯಲ್ಲೇ ಸಿಗುತ್ತದೆ. ರೈಲಿನಲ್ಲಿ ಬರುವವರಿಗೆ ಬೇಕಲ ಕೋಟೆಯ ಹೆಸರಿನದೇ ನಿಲ್ದಾಣವಿದೆ, ಆದರೆ ಅಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಒಳಗೆ ಅರಮನೆಯಿಲ್ಲ ಎನ್ನುವುದು ನಿಜ. ಅರಮನೆಯ ವೈಭವವನ್ನು ನಿರೀಕ್ಷಿಸಿ ಬಂದವರು ಅರ್ಧ ಗಂಟೆಯಲ್ಲಿ ಫೋಟೋ ತೆಗೆದುಕೊಂಡು ಹಿಂದಿರುಗುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಕಡಲನ್ನು ಕಾಯುವುದಕ್ಕೆಂದು ಕಟ್ಟಿದ ಈ ಕೋಟೆಯ ಹಿರಿಮೆಯೆಲ್ಲ ಅದರ ಗೋಡೆಗಳಲ್ಲಿದೆ. ಬಿದನೂರಿನಿಂದ ಆಳುತ್ತಿದ್ದ ಕೆಳದಿಯ ಶಿವಪ್ಪ ನಾಯಕನು 1650ರ ಸುಮಾರಿಗೆ ಇದನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಅದಕ್ಕೂ ಮೊದಲೇ ಉತ್ತರ ಮಲಬಾರಿನ ಕೋಲತ್ತಿರಿ ಅರಸರ ಕಾಲದಲ್ಲಿ ಇಲ್ಲೊಂದು ಕೋಟೆ ಇತ್ತೆಂಬ ವಾದವೂ ಉಂಟು. ಮಂಗಳೂರು, ಗಂಗೊಳ್ಳಿ, ಹೊನ್ನಾವರಗಳಿಂದ ಪೋರ್ಚುಗೀಸರನ್ನು ಹೊರದಬ್ಬಿದ ಅರಸ ಶಿವಪ್ಪ ನಾಯಕನೇ. ಮಲೆನಾಡಿನಲ್ಲಿ ರಾಜಧಾನಿಯನ್ನು ಇಟ್ಟುಕೊಂಡವರಿಗೆ ಮೆಣಸು, ಅಕ್ಕಿ ಹಡಗೇರುವ ಬಂದರುಗಳು ಕೈಯಲ್ಲಿರಬೇಕಾಗಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಇಷ್ಟು ದಕ್ಷಿಣಕ್ಕೆ ಬಂದು ಕೋಟೆಯನ್ನು ಭದ್ರಪಡಿಸಿದ್ದರ ಅರ್ಥ ತಾನಾಗಿ ತಿಳಿಯುತ್ತದೆ.

ಬಾಗಿಲಲ್ಲಿ ಆಂಜನೇಯನ ಗುಡಿಯಿದೆ. ಅಲ್ಲಿಂದ ಒಳಗೆ ಬರುವ ದಾರಿ ನೇರವಾಗಿಲ್ಲದೆ ತಿರುಗಿ ತಿರುಗಿ ಸಾಗುತ್ತದೆ. ನುಗ್ಗಿ ಬರುವ ಶತ್ರು ತಿರುವಿನಲ್ಲಿ ಸಿಕ್ಕಿಬೀಳಲಿ ಎಂಬುದೇ ಅದರ ಉದ್ದೇಶ. ಒಳಗೆ ಸುಮಾರು 40 ಎಕರೆ ವಿಸ್ತಾರವಿದೆ. ನೇರವಾಗಿ ವೀಕ್ಷಣಾ ಗೋಪುರದ ಕಡೆಗೆ ಹೋಗದೆ, ಮೊದಲು ಕೋಟೆಗೋಡೆಯ ಮೇಲೆಯೇ ಸುತ್ತು ಬನ್ನಿ ಎಂದು ನಾನು ಕೇಳಿಕೊಳ್ಳುತ್ತೇನೆ. ಗೋಡೆಯಲ್ಲಿ ಬಂದೂಕಿನ ಕಿಂಡಿಗಳಿವೆ. ಒಂದು ಕಡೆ ಮೊಣಕಾಲೂರಿ ಕುಳಿತು, ಮೇಲಿನದರಿಂದ ಆರಂಭಿಸಿ ಒಂದೊಂದಾಗಿ ಇಣುಕಿ ನೋಡಿ: ಮೇಲಿನ ಕಿಂಡಿಯಲ್ಲಿ ದೂರದ ನೀರು ಕಾಣುತ್ತದೆ, ಅದರ ಕೆಳಗಿನದು ಹತ್ತಿರದ ದಡದ ಕಡೆಗೆ ಓರೆಯಾಗಿದೆ, ಇನ್ನೂ ಕೆಳಗಿನದು ಗೋಡೆಯ ಬುಡಕ್ಕೇ ಗುರಿಯಿಡುತ್ತದೆ. ಶತ್ರು ದೂರದಲ್ಲಿದ್ದಾಗ, ಸಮೀಪಿಸಿದಾಗ, ಗೋಡೆಯ ಬುಡಕ್ಕೆ ಬಂದಾಗ ಎಲ್ಲಿಂದ ಗುಂಡು ಹಾರಿಸಬೇಕೆಂಬುದನ್ನು ಕಲ್ಲಿನ ಓರೆಯೇ ತೀರ್ಮಾನಿಸಿದೆ. ಇಡೀ ಕೋಟೆಯಲ್ಲಿ ನನಗೆ ಇದಕ್ಕಿಂತ ಮೆಚ್ಚುಗೆಯಾದದ್ದು ಬೇರೆ ಇಲ್ಲ.

ಗೋಡೆಗೆ ಬಳಸಿದ್ದು ನಮ್ಮ ಕರಾವಳಿಯ ಮುರಕಲ್ಲು. ನೆಲದಿಂದ ಕಡಿದು ತೆಗೆಯುವಾಗ ಮೆದುವಾಗಿರುವ ಈ ಕಲ್ಲು ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತದೆ. ಮಳೆಗೂ ಉಪ್ಪುಗಾಳಿಗೂ ಒಡ್ಡಿಕೊಂಡು ಮೈಯೆಲ್ಲ ತೂತುಬಿದ್ದಿದ್ದರೂ ಗೋಡೆ ಇನ್ನೂ ನಿಂತಿದೆ. ಅದರ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಆಮೇಲೆ ಗೋಪುರವನ್ನು ಹತ್ತಿ. ಅದಕ್ಕೆ ಮೆಟ್ಟಿಲುಗಳ ಬದಲು ಅಗಲವಾದ ಇಳಿಜಾರು ದಾರಿಯಿರುವುದರಿಂದ ವಯಸ್ಸಾದವರೂ ನಿಧಾನವಾಗಿ ಹತ್ತಬಹುದು. ಮೆಟ್ಟಿಲುಗಳಿರುವ ಕೆರೆ, ಸಿಡಿಮದ್ದು ಇಡುತ್ತಿದ್ದ ಮದ್ದಿನ ಮನೆ, ಸಮುದ್ರದ ಕಡೆಗೆ ಚಾಚಿದ ಕೊತ್ತಲ ಇವೂ ಇವೆ. 1763ರಲ್ಲಿ ಹೈದರಾಲಿಯ ವಶವಾದ ಕೋಟೆ ಟಿಪ್ಪುವಿನ ಕಾಲದಲ್ಲಿ ಮುಖ್ಯ ಸೇನಾ ನೆಲೆಯಾಗಿತ್ತು, 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರ ಕೈಸೇರಿತು. ಹೊರಗೆ ಹತ್ತಿರದಲ್ಲೇ ಟಿಪ್ಪುವಿನ ಹೆಸರಿನಲ್ಲಿ ಗುರುತಿಸಲಾಗುವ ಮಸೀದಿಯಿದೆ. ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ಪ್ರದೇಶ 1956ರಲ್ಲಿ ಕೇರಳಕ್ಕೆ ಹೋಯಿತು.

ನೆರಳು ಬಹಳ ಕಡಿಮೆ. ಮಧ್ಯಾಹ್ನದ ಬಿಸಿಲನ್ನು ತಪ್ಪಿಸಿ, ನೀರು ಜೊತೆಯಲ್ಲಿರಲಿ. ಮಳೆಗಾಲದಲ್ಲಿ ಹಸಿರು ಕಣ್ತುಂಬುತ್ತದೆ, ಆದರೆ ಪಾಚಿಗಟ್ಟಿದ ಕಲ್ಲು ಜಾರುವುದರಿಂದ ಮಕ್ಕಳನ್ನು ಗೋಡೆಯ ಅಂಚಿಗೆ ಬಿಡಬೇಡಿ. ಮರಳುವಾಗ ಹೊತ್ತು ಉಳಿದಿದ್ದರೆ ಚಂದ್ರಗಿರಿ ಹೊಳೆಯ ತೆಂಕಣ ದಡದಲ್ಲಿರುವ ಚಂದ್ರಗಿರಿ ಕೋಟೆಗೂ ಹೋಗಿ. ಅದೂ ಕೆಳದಿಯವರದೇ, ಬೇಕಲಕ್ಕಿಂತ ಬಹಳ ಚಿಕ್ಕದು, ಜನಸಂದಣಿಯೂ ಇರುವುದಿಲ್ಲ. ಹೊಳೆ ಕಡಲನ್ನು ಸೇರುವ ಜಾಗದ ಮೇಲೆ ಅಲ್ಲಿಂದ ಹೇಗೆ ಕಣ್ಣಿಡುತ್ತಿದ್ದರು ಎಂಬುದು ನಿಮಗೆ ಸ್ಪಷ್ಟವಾಗಿ ಕಾಣುತ್ತದೆ.