ಒಗರು, ಹುಳಿ, ಸಿಹಿ, ಖಾರ: ವೈನ್ ಮತ್ತು ಊಟದ ಜೋಡಿ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಒಂದೇ ವೈನರಿಯ, ಒಂದೇ ವರ್ಷದ ಶಾರ್ಡೊನೆ ಎಂಬ ಬಿಳಿ ವೈನಿನ ಎರಡು ಬಾಟಲಿ ತಂದಿದ್ದೆವು. ಒಂದು ನಿಂಬೆ, ಹಸಿರು ಸೇಬಿನ ಹಾಗೆ ಚುರುಕಾಗಿತ್ತು. ಇನ್ನೊಂದರಲ್ಲಿ ಬೆಣ್ಣೆ, ವೆನಿಲಾ ಘಮ. ಎರಡೂ ಅವರದೇ ತೋಟದ ದ್ರಾಕ್ಷಿ. ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು?

ತೋಟದಿಂದಲ್ಲ, ನೆಲಮಾಳಿಗೆಯಿಂದ. ಶಾರ್ಡೊನೆ ದ್ರಾಕ್ಷಿಗೆ ತನ್ನದೇ ಎನ್ನುವಂಥ ಜೋರು ಘಮ ಇಲ್ಲ. ಹಾಗಾಗಿ ವೈನ್ ಮಾಡುವವರು ಏನು ಮಾಡಿದರೂ ಅದು ಲೋಟದಲ್ಲಿ ಎದ್ದು ಕಾಣುತ್ತದೆ.

ಮೊದಲ ಬಾಟಲಿಯ ರಸವನ್ನು ಬಹುಶಃ ಸ್ಟೀಲ್ ಟ್ಯಾಂಕಿನಲ್ಲಿ 12ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಹುದುಗಿಸಿ, ಬೇಗನೆ ಬಾಟಲಿಗೆ ತುಂಬಿದ್ದಾರೆ. ತಂಪಿನಲ್ಲಿ ಯೀಸ್ಟ್ ನಿಧಾನವಾಗಿ ಕೆಲಸ ಮಾಡುವುದರಿಂದ ಹಣ್ಣಿನ ಘಮ ಹಾರಿಹೋಗದೆ ಉಳಿಯುತ್ತದೆ. ಎರಡನೆಯದು ಓಕ್ ಪೀಪಾಯಿ ಕಂಡಿದೆ. ಅದರಲ್ಲಿ ಮ್ಯಾಲೊಲ್ಯಾಕ್ಟಿಕ್ ಎಂಬ ಇನ್ನೊಂದು ಹುದುಗುವಿಕೆಯೂ ನಡೆದಿದೆ. ಹೆಸರು ದೊಡ್ಡದಾದರೂ ಕೆಲಸ ಸರಳ: ಹಸಿರು ಸೇಬಿನಲ್ಲಿರುವ ಚೂಪಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೊಸರಿನಲ್ಲಿರುವ ಮೆತ್ತನೆಯ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ. ಆ ದಾರಿಯಲ್ಲಿ ಹುಟ್ಟುವ ಡೈಅಸಿಟೈಲ್ ಬೆಣ್ಣೆಯ ಘಮಕ್ಕೆ ಕಾರಣ; ನಿಜವಾದ ಬೆಣ್ಣೆಯಲ್ಲೂ ಇರುವುದು ಅದೇ. ವೆನಿಲಾ ಬಂದಿರುವುದು ಓಕ್ ಮರದಿಂದ. ಸಾಮಾನ್ಯ ಪೀಪಾಯಿ ಹಿಡಿಯುವುದು ಸುಮಾರು 225 ಲೀಟರ್. ಹೊಸದಾಗಿದ್ದಾಗ ಅದು ಧಾರಾಳವಾಗಿ ಘಮ ಬಿಡುತ್ತದೆ. ಮೂರು ನಾಲ್ಕು ಸಲ ತುಂಬಿ ಖಾಲಿ ಮಾಡಿದ ಮೇಲೆ ಮರದ ರುಚಿ ಹೆಚ್ಚೇನೂ ಉಳಿಯುವುದಿಲ್ಲ, ಸ್ವಲ್ಪ ಗಾಳಿಯಾಡಿಸುವ ಪಾತ್ರೆ ಅಷ್ಟೇ ಆಗುತ್ತದೆ.

ಆದ್ದರಿಂದ ವೈನರಿಗೆ ಹೋದಾಗ "ಇದು ಯಾವ ದ್ರಾಕ್ಷಿ" ಎಂದು ಕೇಳಿ ಸುಮ್ಮನಾಗಬೇಡಿ. ಸ್ಟೀಲೋ ಓಕೋ, ಓಕ್ ಆದರೆ ಎಷ್ಟು ತಿಂಗಳು, ಹೊಸ ಪೀಪಾಯಿಯ ಪಾಲೆಷ್ಟು, ಮ್ಯಾಲೊಲ್ಯಾಕ್ಟಿಕ್ ಪೂರ್ತಿ ಆಗಿದೆಯೋ ಅರ್ಧಕ್ಕೆ ನಿಲ್ಲಿಸಿದ್ದಾರೋ ಎಂದು ಕೇಳಿ. ಈ ನಾಲ್ಕು ಉತ್ತರ ಸಿಕ್ಕರೆ ಊಟದ ಜೋಡಿ ಮುಕ್ಕಾಲು ಪಾಲು ತಾನಾಗಿಯೇ ಗೊತ್ತಾಗುತ್ತದೆ. ಸ್ಟೀಲ್ ಶಾರ್ಡೊನೆಯನ್ನು ನಿಂಬೆ ಹಿಂಡಿದ ಮೀನು, ಸಲಾಡ್, ಎಳೆಯ ಮೇಕೆ ಹಾಲಿನ ಚೀಸ್ ಜೊತೆ ಕುಡಿಯಿರಿ. ಓಕ್ ಶಾರ್ಡೊನೆಗೆ ಕ್ರೀಮ್ ಸಾಸ್, ಬೆಣ್ಣೆಯಲ್ಲಿ ಬಾಡಿಸಿದ ಅಣಬೆ, ಓವನ್ನಿನಲ್ಲಿ ಬೇಯಿಸಿದ ಕೋಳಿ ಒಪ್ಪುತ್ತವೆ. ಇವನ್ನು ಅದಲು ಬದಲು ಮಾಡಿದರೆ ಕ್ರೀಮಿನ ಮುಂದೆ ಸ್ಟೀಲ್ ವೈನ್ ತೆಳ್ಳಗಾಗುತ್ತದೆ, ನಿಂಬೆಯ ಮುಂದೆ ಓಕ್ ವೈನ್ ಜಡವಾಗುತ್ತದೆ.

ಪ್ರಶ್ನೆ: ಖಾರದ ಊಟದ ಜೊತೆ ಕ್ಯಾಬರ್ನೆ ಸೊವಿನ್ಯೋನ್ ಎಂಬ ಒಳ್ಳೆಯ ಕೆಂಪು ವೈನ್ ತೆರೆದೆವು (ಆಲ್ಕೊಹಾಲ್ ಶೇ 14.5). ಬಾಯೆಲ್ಲ ಉರಿ, ವೈನ್ ಕಹಿ. ಬಾಟಲಿಯೇ ಕೆಟ್ಟಿತ್ತೇ?

ಬಾಟಲಿ ಸರಿಯಾಗಿಯೇ ಇತ್ತು, ಜೋಡಿ ತಪ್ಪಿತು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಬಿಸಿಯನ್ನು ಗುರುತಿಸುವ ನರಗಳನ್ನು ಕೆರಳಿಸುತ್ತದೆ. ಆಲ್ಕೊಹಾಲ್ ಕೆರಳಿಸುವುದೂ ಅವನ್ನೇ. ಹಾಗಾಗಿ ಶೇ 14.5ರ ವೈನ್ ಖಾರವನ್ನು ಆರಿಸುವ ಬದಲು ಊದುತ್ತದೆ. ಅದರ ಮೇಲೆ ಕ್ಯಾಬರ್ನೆಯ ಒಗರು ಬೇರೆ. ಈ ದ್ರಾಕ್ಷಿ ಚಿಕ್ಕದು, ಸಿಪ್ಪೆ ದಪ್ಪ, ತಿರುಳಿಗೆ ಹೋಲಿಸಿದರೆ ಬೀಜ ಜಾಸ್ತಿ. ಒಗರಿಗೆ ಕಾರಣವಾದ ಟ್ಯಾನಿನ್ ಇರುವುದು ಸಿಪ್ಪೆ ಮತ್ತು ಬೀಜದಲ್ಲೇ. ಉರಿಯುವ ನಾಲಿಗೆಗೆ ಆ ಒಗರು ಮರಳು ಕಾಗದ ಉಜ್ಜಿದ ಹಾಗೆ ತಾಗುತ್ತದೆ.

ಖಾರಕ್ಕೆ ಬೇಕಾದದ್ದು ಮೂರು: ಕಡಿಮೆ ಆಲ್ಕೊಹಾಲ್, ತುಸು ಸಿಹಿ, ಒಳ್ಳೆಯ ತಂಪು. ಶೇ 12ಕ್ಕಿಂತ ಕೆಳಗಿನ, ಲೀಟರಿಗೆ 10ರಿಂದ 30 ಗ್ರಾಂ ಸಕ್ಕರೆ ಉಳಿದಿರುವ ರೀಸ್ಲಿಂಗ್ ಅಥವಾ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಹುಡುಕಿ, 8 ಡಿಗ್ರಿಗೆ ತಣ್ಣಗೆ ಮಾಡಿ. ಇವೆರಡಕ್ಕೂ ಹುಟ್ಟಿನಿಂದಲೇ ಹುಳಿ ಜೋರು, ಹಾಗಾಗಿ ಸಕ್ಕರೆ ಇದ್ದರೂ ಪಾಕದಂತೆ ಅಂಟುವುದಿಲ್ಲ. ಕೆಂಪೇ ಬೇಕೆಂದರೆ ಸಿಪ್ಪೆ ತೆಳುವಾದ ಪಿನೊ ನ್ವಾರ್, ಇಲ್ಲವೇ ಗಮೇ ಇರಲಿ. ಅದನ್ನೂ 12-14 ಡಿಗ್ರಿಗೆ ತಂಪು ಮಾಡಿ. ಖಾರ ವಿಪರೀತವಾಗಿದ್ದರೆ ಸ್ಪಾರ್ಕ್ಲಿಂಗ್ ವೈನ್ ಬೇಡ. ಗುಳ್ಳೆಗಳ ಚುರುಚುರು ಖಾರದ ಜೊತೆ ಸೇರಿ ಮುಳ್ಳಾಗುತ್ತದೆ.

ಊಟ ವೈನಿಗೆ ಏನು ಮಾಡುತ್ತದೆ ಎಂಬುದನ್ನು ಓದಿ ತಿಳಿಯುವುದಕ್ಕಿಂತ ನಾಲಿಗೆಯಿಂದಲೇ ತಿಳಿಯುವುದು ಮೇಲು. ಹತ್ತು ನಿಮಿಷದ ಪರೀಕ್ಷೆ ಇದು. ತಟ್ಟೆಯಲ್ಲಿ ನಿಂಬೆ ಹೋಳು, ಚಿಟಿಕೆ ಉಪ್ಪು, ಚಿಟಿಕೆ ಸಕ್ಕರೆ, ಉಪ್ಪು ಹಾಕದೆ ಬೇಯಿಸಿದ ಅಣಬೆ ಇಡಿ. ಲೋಟದಲ್ಲಿ ಒಗರಿರುವ ಯಾವುದಾದರೂ ಕೆಂಪು ವೈನ್. ಒಂದು ಗುಟುಕು, ನಿಂಬೆ ನೆಕ್ಕಿ, ಮತ್ತೊಂದು ಗುಟುಕು: ವೈನಿನ ಹುಳಿ ತಗ್ಗಿ, ಅದೇ ವೈನ್ ಸಿಹಿಯಾದಂತೆ ಕಾಣುತ್ತದೆ. ನೀರು ಕುಡಿದು ಸಕ್ಕರೆಯೊಂದಿಗೆ ನೋಡಿ: ವೈನ್ ಹುಳಿ ಹುಳಿ, ಬಡಕಲು. ಅಣಬೆ ಜಗಿದು ಕುಡಿದರೆ ಕಹಿ, ಒಗರು ಎರಡೂ ಏರುತ್ತವೆ. ಈಗ ಅದೇ ಅಣಬೆಗೆ ಉಪ್ಪು ಉದುರಿಸಿ ಮತ್ತೆ ತಿನ್ನಿ, ವೈನ್ ಮೆತ್ತಗಾಗಿರುತ್ತದೆ. ಉಪ್ಪು ಮತ್ತು ಹುಳಿ ವೈನಿಗೆ ನೆಂಟರು. ಸಿಹಿ ಮತ್ತು ಅಣಬೆಯಂಥ ಉಮಾಮಿ ರುಚಿ ಅದನ್ನು ಒರಟಾಗಿಸುತ್ತವೆ. ಅಡುಗೆಯವರ ಕೈಯಲ್ಲಿರುವ ದೊಡ್ಡ ಉಪಾಯ ಇದೇ: ವೈನ್ ಕಹಿ ಅನ್ನಿಸಿದರೆ ಬಾಟಲಿ ಬದಲಿಸುವ ಮೊದಲು ಪದಾರ್ಥಕ್ಕೆ ಒಂದು ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆ ಹಾಕಿ ನೋಡಿ.

ಪ್ರಶ್ನೆ: ಮೀನಿಗೆ ಕೆಂಪು ವೈನ್ ಕೂಡದು ಎನ್ನುವುದು ಬರೀ ಸಂಪ್ರದಾಯವೇ?

ಅಲ್ಲ, ಹಿಂದೆ ಕಾರಣವಿದೆ. ಬಾಯಲ್ಲಿ ಉಳಿಯುವ ಹಳಸಿದ ಮೀನಿನಂಥ ವಾಸನೆಗೆ ವೈನಿನಲ್ಲಿರುವ ಕಬ್ಬಿಣದ ಅಂಶವೇ ಕಾರಣ ಎಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಕೆಂಪು ವೈನುಗಳಲ್ಲಿ ಅದು ಹೆಚ್ಚಿರುವ ಸಂಭವ ಜಾಸ್ತಿ. ಆದರೆ ಲೇಬಲ್ ನೋಡಿ ಕಬ್ಬಿಣ ಎಷ್ಟಿದೆ ಎಂದು ತಿಳಿಯದು. ಹಾಗಾಗಿ ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನಿಗೆ ಹುಳಿ ಚುರುಕಾದ ಬಿಳಿ ವೈನ್ ಕ್ಷೇಮ. ಕೆಂಡದ ಮೇಲೆ ಸುಟ್ಟ ಟ್ಯೂನಾ ಅಥವಾ ಸಾಲ್ಮನ್ ಆದರೆ ಒಗರು ಕಡಿಮೆಯಿರುವ ಪಿನೊ ನ್ವಾರ್ ಚೆನ್ನಾಗಿಯೇ ಹೊಂದುತ್ತದೆ.

ಪ್ರಶ್ನೆ: ಕ್ಯಾಬರ್ನೆಯಲ್ಲಿ ದೊಣ್ಣೆಮೆಣಸಿನಕಾಯಿ ವಾಸನೆ, ಶಿರಾಜ್‌ನಲ್ಲಿ ಕಾಳುಮೆಣಸಿನ ವಾಸನೆ. ಏನಾದರೂ ಬೆರೆಸುತ್ತಾರೆಯೇ?

ಏನೂ ಬೆರೆಸಿಲ್ಲ. ಮೊದಲನೆಯದು ಪೈರಜೀನ್ ಗುಂಪಿನ ಸಂಯುಕ್ತ, ದೊಣ್ಣೆಮೆಣಸಿನಕಾಯಿಗೆ ಘಮ ಕೊಡುವುದೂ ಅದೇ. ಕ್ಯಾಬರ್ನೆ ಸೊವಿನ್ಯೋನ್ ಹುಟ್ಟಿದ್ದು ಕ್ಯಾಬರ್ನೆ ಫ್ರಾಂಕ್ ಮತ್ತು ಸೊವಿನ್ಯೋನ್ ಬ್ಲಾಂಕ್ ಕೂಡಿ ಎಂದು ಡಿಎನ್‌ಎ ಪರೀಕ್ಷೆ 1997ರಲ್ಲಿ ಖಚಿತಪಡಿಸಿತು. ತಂದೆ, ತಾಯಿ, ಮಗು ಮೂವರಲ್ಲೂ ಈ ಹಸಿರು ವಾಸನೆ ಇರುವುದು ಆಶ್ಚರ್ಯವಲ್ಲ. ಹಣ್ಣು ಮಾಗಿದಂತೆ, ಗೊಂಚಲಿಗೆ ಬಿಸಿಲು ಬಿದ್ದಂತೆ ಅದು ಇಳಿಯುತ್ತದೆ. ಎಲೆ ದಟ್ಟವಾಗಿ ಮುಚ್ಚಿದ ಬಳ್ಳಿ, ಅವಸರದ ಕೊಯ್ಲು ಎರಡೂ ಇದ್ದರೆ ಮೂಗಿಗೆ ರಾಚುತ್ತದೆ. ತುಸು ಇದ್ದರೆ ದೋಷವಲ್ಲ. ಸೊಪ್ಪು, ಗಿಡಮೂಲಿಕೆ ಹಾಕಿದ ಮಾಂಸದಡುಗೆಗೆ ಸೊಗಸು. ಕಾಳುಮೆಣಸಿನ ಘಮಕ್ಕೆ ಕಾರಣ ರೊಟಂಡೋನ್. ನಿಜವಾದ ಕಾಳುಮೆಣಸಿನಲ್ಲೂ ಅದೇ ಇದೆ.

ಪ್ರಶ್ನೆ: ಲೇಬಲ್ ಮೇಲೆ "ಎಸ್ಟೇಟ್ ಬಾಟಲ್ಡ್" ಎಂದಿದ್ದರೆ ಗುಣಮಟ್ಟ ಖಾತರಿಯೇ?

ಅದು ಮೂಲದ ಖಾತರಿ, ರುಚಿಯದ್ದಲ್ಲ. ಅಮೆರಿಕದ ನಿಯಮದಲ್ಲಿ ತೋಟ, ವೈನರಿ ಎರಡೂ ಒಂದೇ ದ್ರಾಕ್ಷಿ ಪ್ರದೇಶದಲ್ಲಿರಬೇಕು, ದ್ರಾಕ್ಷಿಯೆಲ್ಲ ವೈನರಿಯ ಒಡೆತನದ ಅಥವಾ ಹಿಡಿತದಲ್ಲಿರುವ ನೆಲದ್ದೇ ಆಗಿರಬೇಕು, ಹಿಂಡುವುದರಿಂದ ಬಾಟಲಿ ತುಂಬುವವರೆಗೆ ಕೆಲಸ ಅಲ್ಲೇ ನಡೆಯಬೇಕು. ದ್ರಾಕ್ಷಿಯ ಹೆಸರಿನ ನಿಯಮ ಬೇರೆ: ಆ ತಳಿ ಅಮೆರಿಕದಲ್ಲಿ ಸಾಮಾನ್ಯವಾಗಿ ಕನಿಷ್ಠ ಶೇ 75, ಐರೋಪ್ಯ ಒಕ್ಕೂಟದಲ್ಲಿ ಶೇ 85 ಇರಬೇಕು. ಉಳಿದ ಪಾಲು ಬೇರೆ ತಳಿ ಇರಬಹುದು.

ಪ್ರಶ್ನೆ: ಬಿಳಿ ವೈನಿನ ತಳದಲ್ಲಿ ಗಾಜಿನ ಚೂರಿನಂಥ ಹರಳುಗಳಿದ್ದವು. ಚೆಲ್ಲಿಬಿಟ್ಟೆವು.

ಚೆಲ್ಲಬೇಕಿರಲಿಲ್ಲ. ಅದು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆ ಸೇರಿ ತಂಪಿಗೆ ಗಟ್ಟಿಯಾದದ್ದು. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ನಾಲಿಗೆಗೆ ಹುಳಿ. ಗಾಜು ಹಾಗಲ್ಲ. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಕೊನೆಯ ಎರಡು ಬೆರಳು ವೈನ್ ಬಿಟ್ಟು ಬಗ್ಗಿಸಿದರೆ ಸಾಕು. ನಿಜವಾಗಿ ಚೆಲ್ಲಬೇಕಾದದ್ದು ಒದ್ದೆ ರಟ್ಟಿನ, ಮುಗ್ಗಲು ವಾಸನೆಯ ವೈನ್. ಅದು ಕಾರ್ಕ್ ದೋಷ. ಹತ್ತು ನಿಮಿಷ ಲೋಟದಲ್ಲಿ ಬಿಟ್ಟರೂ ಹೋಗದು. ಕೊಳೆತ ಮೊಟ್ಟೆಯ ವಾಸನೆಯಾದರೆ ಬೇರೆ ಪಾತ್ರೆಗೆ ಜೋರಾಗಿ ಸುರಿದು ಗಾಳಿಯಾಡಿಸಿ. ಎಷ್ಟೋ ಸಲ ಹಾರಿಹೋಗುತ್ತದೆ.

ಪ್ರಶ್ನೆ: ಎಂಟು ಜನರಿಗೆ ಮನೆಯಲ್ಲಿ ಒಂದೇ ವೈನರಿಯ ಆರು ವೈನ್ ರುಚಿ ತೋರಿಸಬೇಕು. ಕ್ರಮ, ಅಳತೆ ಹೇಗೆ?

ತಲಾ 50 ಮಿಲಿ ಸಾಕು. 750 ಮಿಲಿ ಬಾಟಲಿಯಲ್ಲಿ ಇಂಥ 15 ಪಾಲು ಬರುತ್ತದೆ. ಎಂಟು ಜನರಿಗೆ ಒಂದೊಂದೇ ಬಾಟಲಿ ಸಾಲುವುದಲ್ಲದೆ ಊಟಕ್ಕೂ ಉಳಿಯುತ್ತದೆ. ಆದರೆ ಆರು ಪಾಲು ಅಂದರೆ ಒಬ್ಬೊಬ್ಬರಿಗೆ 300 ಮಿಲಿ; ಉಗುಳುವ ಪಾತ್ರೆ, ಕುಡಿಯುವ ನೀರು ಮೇಜಿನ ಮೇಲೆ ಇರಲೇಬೇಕು.

ಮೊದಲು ಸ್ಪಾರ್ಕ್ಲಿಂಗ್, 6-8 ಡಿಗ್ರಿ. ಆಮೇಲೆ ಸ್ಟೀಲ್ ಬಿಳಿ ಮತ್ತು ರೋಸೆ (ಗುಲಾಬಿ ಬಣ್ಣದ ವೈನ್) 8-10ರಲ್ಲಿ, ಓಕ್ ಬಿಳಿ 10-13ರಲ್ಲಿ, ಒಗರಿನ ಕೆಂಪು 16-18ರಲ್ಲಿ, ಕೊನೆಗೆ ಸಿಹಿ. ಸಿಹಿಯನ್ನು ಮೊದಲೇ ಕೊಟ್ಟರೆ ಮುಂದಿನದೆಲ್ಲ ಹುಳಿಯಾಗುತ್ತದೆ. ಕೆಂಪಿಗೆ ಕೋಣೆಯ ತಾಪಮಾನ ಅನ್ನುವ ಮಾತನ್ನು ಬಿಟ್ಟುಬಿಡಿ. 25 ಡಿಗ್ರಿಯಲ್ಲಿ ಆಲ್ಕೊಹಾಲ್ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಘಮ ಅಡಗುತ್ತದೆ. ಬಡಿಸುವ ಮೊದಲು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬಿಳಿ ವೈನ್ ತಣ್ಣಗಾಗಲು ಫ್ರಿಜ್‌ನಲ್ಲಿ ಎರಡು ಗಂಟೆಗೂ ಹೆಚ್ಚು ಬೇಕು. ಅರ್ಧ ಐಸು ಅರ್ಧ ನೀರು ತುಂಬಿದ ಬಕೆಟ್‌ನಲ್ಲಿ ಕುತ್ತಿಗೆವರೆಗೆ ಮುಳುಗಿಸಿದರೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಆಗುತ್ತದೆ. ಬರೀ ಐಸು ಹಾಕಿದರೆ ನಿಧಾನ, ಏಕೆಂದರೆ ಐಸಿನ ತುಂಡುಗಳ ನಡುವೆ ಗಾಳಿ ನಿಂತಿರುತ್ತದೆ. ಉಳಿದದ್ದಕ್ಕೆ ಬಿರಡೆ ಹಾಕಿ, ಕೆಂಪನ್ನೂ ಸೇರಿಸಿ ಫ್ರಿಜ್‌ನಲ್ಲಿಡಿ. ಮೂರು ದಿನ ಚೆನ್ನಾಗಿರುತ್ತದೆ.

ಪ್ರಶ್ನೆ: ಕೇಕಿನ ಜೊತೆ ಬ್ರೂಟ್ ಸ್ಪಾರ್ಕ್ಲಿಂಗ್ ಯಾಕೆ ಅಷ್ಟು ಹುಳಿ?

ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ಕೇಕಿನ ಸಿಹಿ ಅದನ್ನು ಅಳಿಸಿಹಾಕಿ ಹುಳಿಯೊಂದನ್ನೇ ಉಳಿಸುತ್ತದೆ. ತಿಂಡಿಗಿಂತ ವೈನ್ ತುಸು ಹೆಚ್ಚೇ ಸಿಹಿ ಇರಬೇಕು. ಸ್ಪಾರ್ಕ್ಲಿಂಗೇ ಬೇಕಾದರೆ 32ರಿಂದ 50 ಗ್ರಾಂ ಸಕ್ಕರೆಯ ಡೆಮಿ ಸೆಕ್ ಕೇಳಿ. ಹಣ್ಣಿನ ಸಿಹಿತಿಂಡಿಗೆ ತಡವಾಗಿ ಕೊಯ್ದ ಶೆನಿನ್ ಅಥವಾ ರೀಸ್ಲಿಂಗ್. ಕಪ್ಪು ಚಾಕೊಲೇಟಿನ ಕಹಿಗೆ ಪೋರ್ಟ್ ತರಹದ ವೈನ್ ಸರಿ: ಹುದುಗುವಾಗ ನಡುವೆಯೇ ದ್ರಾಕ್ಷಿಯ ಸ್ಪಿರಿಟ್ ಸೇರಿಸಿ ಯೀಸ್ಟನ್ನು ನಿಲ್ಲಿಸುವುದರಿಂದ ಅದರಲ್ಲಿ ಸಕ್ಕರೆ ಧಾರಾಳವಾಗಿ ಉಳಿದಿರುತ್ತದೆ, ಆಲ್ಕೊಹಾಲ್ ಶೇ 20ರ ಆಸುಪಾಸು. ಅದನ್ನು ಚಿಕ್ಕ ಲೋಟದಲ್ಲಿ 60 ಮಿಲಿಗಿಂತ ಹೆಚ್ಚು ಸುರಿಯಬೇಡಿ, 14-16 ಡಿಗ್ರಿಗೆ ತಂಪು ಮಾಡಿ ಕೊಡಿ.