ತಿರುವಿನಲ್ಲಿ ಗರಗರ: ಮತ್ತೆ ಅದೇ ಪ್ರಶ್ನೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ. ‘ಸಾರ್, ಕಾರು ತಿರುಗಿಸಿದರೆ ಸದ್ದು ಬರುತ್ತೆ, ಏನು ಮಾಡೋದು?’ ಎಂಥ ಸದ್ದು, ಯಾವ ಕಡೆ ತಿರುಗಿಸಿದಾಗ, ನಿಂತಲ್ಲೋ ಓಡುವಾಗಲೋ, ಯಾರೂ ಬರೆಯುವುದಿಲ್ಲ. ಒಬ್ಬರು ಮಾತ್ರ ಬರೆದಿದ್ದಾರೆ. ಹೆಚ್ಚಿನ ಜಾಗ ಅವರಿಗೇ, ಉಳಿದವರಿಗೆ ಕೊನೆಯಲ್ಲಿ ಚುಟುಕು ಉತ್ತರ. ಅವರು ಬರೆದಿದ್ದು ಇದು:

ನಮ್ಮದು ಹತ್ತು ವರ್ಷದ ಸಣ್ಣ ಪೆಟ್ರೋಲ್ ಕಾರು, 85 ಸಾವಿರ ಕಿ.ಮೀ. ಓಡಿದೆ. ಸಾಗರದಿಂದ ಹೊನ್ನಾವರಕ್ಕೆ ಹೋಗುವಾಗ ಎಡತಿರುವಿನಲ್ಲಿ ಗರಗರ ಅನ್ನುತ್ತೆ, ಬಲತಿರುವಿನಲ್ಲಿ ತಣ್ಣಗಾಗುತ್ತೆ. ಎರಡು ಸಲ ಅಲೈನ್‌ಮೆಂಟ್ ಆಯಿತು, ಬ್ರೇಕ್ ಪ್ಯಾಡ್ ಆಯಿತು. ಈಗ ‘ಎಕ್ಸೆಲ್ಲೇ ಬದಲಿಸಿ’ ಅನ್ನುತ್ತಿದ್ದಾರೆ. ಬದಲಿಸಲೇ?

ಬೇಡ. ಕೈ ಕಟ್ಟಿಕೊಂಡು ಒಂದು ದಿನ ಸುಮ್ಮನಿರಿ.

ಬಸ್ಸು ಎಡಕ್ಕೆ ತಿರುಗಿದರೆ ನಿಂತವರೆಲ್ಲ ಬಲಕ್ಕೆ ವಾಲುತ್ತಾರಲ್ಲ, ಕಾರಿನ ಭಾರವೂ ಹಾಗೇ ಬಲಗಡೆ ಚಕ್ರದ ಮೇಲೆ ಬೀಳುತ್ತದೆ. ಆ ಚಕ್ರದ ಬೇರಿಂಗ್ (ಚಕ್ರ ಸರಾಗ ತಿರುಗಲೆಂದು ನಡುವೆ ಇರುವ ಉಕ್ಕಿನ ಗುಂಡುಗಳ ಬಳೆ) ಸವೆದಿದ್ದರೆ ಆಗ ಕೂಗುತ್ತದೆ, ಬಲಕ್ಕೆ ತಿರುಗಿದಾಗ ಭಾರ ಇಳಿದು ಸುಮ್ಮನಾಗುತ್ತದೆ. ನೀವು ಬರೆದಿದ್ದು ಅಕ್ಷರಶಃ ಇದನ್ನೇ. ಎಕ್ಸೆಲ್ ಅಂದರೆ ಚಕ್ರವನ್ನು ತಿರುಗಿಸುವ ದಂಡ; ಅದರ ತುದಿಯ ಕೀಲು, ಸಿ.ವಿ. ಜಾಯಿಂಟ್, ಹೋದರೆ ಸದ್ದೇ ಬೇರೆ: ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಟಕ್ ಟಕ್ ಟಕ್. ಗರಗರಕ್ಕೂ ಟಕಟಕಕ್ಕೂ ವ್ಯತ್ಯಾಸ ತಿಳಿಯದವನ ಕೈಗೆ ಸ್ಪ್ಯಾನರ್ ಕೊಡಬಾರದು. ಇನ್ನು ಅಲೈನ್‌ಮೆಂಟ್ ಟೈರಿನ ಸವೆತಕ್ಕೆ, ಕಾರು ಒಂದು ಕಡೆ ಎಳೆಯುವುದಕ್ಕೆ. ಸದ್ದಿಗೆ ಎರಡು ಸಲ ಮಾಡಿಸಿದ್ದು ಜ್ವರಕ್ಕೆ ಕ್ಷೌರ ಮಾಡಿಸಿದ ಹಾಗೆ.

ಖಾಲಿ ರಸ್ತೆಯಲ್ಲಿ ಐವತ್ತರ ವೇಗದಲ್ಲಿ ಹೋಗಿ, ಕ್ಲಚ್ ಒತ್ತಿ. ಇಂಜಿನ್ ಸದ್ದು ಇಳಿದರೂ ಗರಗರ ಹಾಗೇ ಇದ್ದರೆ ಕಾಯಿಲೆ ಚಕ್ರದ ಕಡೆಯದು. ಹೊಸ ಡಾಂಬರಿಗೂ ಹಳೆ ಕಾಂಕ್ರೀಟಿಗೂ ಸದ್ದು ಬದಲಾದರೆ ಟೈರಿನ ಮೇಲೆ ಅನುಮಾನಪಡಿ, ಮುಂದಿನದನ್ನು ಹಿಂದಕ್ಕೆ ಹಾಕಿ ನೋಡಿ.

ಆಮೇಲೆ ಗ್ಯಾರೇಜಿಗೆ ಹೋಗಿ, ಚಕ್ರ ಎತ್ತಿಸಿ. ಸ್ಟ್ಯಾಂಡ್ ಇಡದೆ ಬರೀ ಜಾಕ್ ಮೇಲೆ ನಿಂತ ಕಾರಿಗೆ ಕೈ ಹಾಕಬೇಡಿ; ನನ್ನ ಎಡಗೈ ಕಿರುಬೆರಳು ಸೊಟ್ಟಗಿರುವುದು ಅದರಿಂದಲೇ. ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಚಕ್ರ ಹಿಡಿದು ಅಲ್ಲಾಡಿಸಿದರೆ ಸವೆದ ಬೇರಿಂಗ್ ಎಷ್ಟೋ ಸಲ ಆಟ ಕೊಡುತ್ತದೆ, ಅಂದರೆ ಸಡಿಲವಾಗಿ ಅಲುಗುತ್ತದೆ. ಆಟ ಇಲ್ಲದಿದ್ದರೂ ಬಿಡಬೇಡಿ. ಒಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟು, ಇನ್ನೊಂದರಿಂದ ಚಕ್ರವನ್ನು ನಿಧಾನ ತಿರುಗಿಸಿ. ಒಳ್ಳೆ ಬೇರಿಂಗ್ ಇದ್ದರೆ ಸ್ಪ್ರಿಂಗ್ ಸುಮ್ಮನಿರುತ್ತದೆ. ಹಾಳಾಗಿದ್ದರೆ ಒಳಗೆ ರಾಗಿ ಬೀಸಿದ ಹಾಗೆ ಬೆರಳಿಗೆ ನಡುಕ ಸಿಗುತ್ತದೆ. ನಾಲ್ಕೂ ಚಕ್ರಕ್ಕೆ ಹೀಗೆ ಮಾಡಿ. ಮುಂದೆ ಕೇಳಿದ ಸದ್ದು ಹಿಂದಿನದಾಗಿರುವುದೂ ಉಂಟು.

ಇದರ ಜೊತೆಗೆ ಬ್ರೇಕ್ ಡಿಸ್ಕ್ ಹಿಂದಿನ ತಗಡು ನೋಡಿ. ಮಣ್ಣುರಸ್ತೆಯಲ್ಲಿ ಓಡಿಸಿದರೆ ಅದಕ್ಕೂ ಡಿಸ್ಕಿಗೂ ನಡುವೆ ಕಡಲೆ ಗಾತ್ರದ ಒಂದು ಕಲ್ಲು ಸಿಕ್ಕಿಕೊಂಡು ಊರೆಲ್ಲ ಕೇಳುವ ಹಾಗೆ ಕೆರೆಯುತ್ತದೆ. ಸ್ಕ್ರೂಡ್ರೈವರಿನಿಂದ ತಗಡು ಸ್ವಲ್ಪ ಬಗ್ಗಿಸಿದರೆ ಕಲ್ಲು ಬೀಳುತ್ತದೆ, ಕೆಲಸ ಮುಗಿಯಿತು. ಇಂಥದ್ದಕ್ಕೆ ಎರಡೂ ಡಿಸ್ಕ್ ಬದಲಿಸಿಕೊಂಡು ಬಂದವರನ್ನು ಕಂಡಿದ್ದೇನೆ.

ಬೇರಿಂಗೇ ಅಂತಾದರೆ ‘ಗ್ರೀಸ್ ತುಂಬಿಸಿ ಕೊಡ್ತೀನಿ’ ಅನ್ನುವವರಿಂದ ದೂರವಿರಿ. ಬಿಚ್ಚಿ, ತೊಳೆದು, ಗ್ರೀಸ್ ಮೆತ್ತುತ್ತಿದ್ದದ್ದು ಅಂಬಾಸಿಡರ್ ಕಾಲಕ್ಕೆ. ನಿಮ್ಮದು ಸೀಲ್ ಮಾಡಿದ ಬೇರಿಂಗ್, ಬದಲಿಸುವುದೊಂದೇ ದಾರಿ. ಬೇರಿಂಗನ್ನು ಒತ್ತಿ ಕೂರಿಸುವ ಪ್ರೆಸ್ ಯಂತ್ರ ಇರುವ ಕಡೆ ಮಾಡಿಸಿ. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಹೊಸದರೊಳಗೂ ಗುಂಡಿನ ಗುರುತು ಬಿದ್ದು, ಎರಡು ತಿಂಗಳಿಗೆ ಮತ್ತೆ ಗರಗರ. ಎ.ಬಿ.ಎಸ್. (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಹಲವು ಕಾರುಗಳ ಬೇರಿಂಗಿನಲ್ಲಿ ಒಂದು ಮುಖಕ್ಕೆ ಮಾತ್ರ ಮ್ಯಾಗ್ನೆಟ್ ಪಟ್ಟಿ ಇರುತ್ತದೆ. ತಿರುಗಾಮುರುಗ ಕೂತರೆ ಮೀಟರಿನಲ್ಲಿ ಹಳದಿ ದೀಪ ಉರಿಯುತ್ತದೆ. ಚಕ್ರದ ನಡುವಿನ ಹಬ್ ನಟ್ ಬಿಗಿಯಲು ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚ್ ಬೇಕು, ಮೇಸ್ತ್ರಿಯ ತೋಳಿನ ಅಂದಾಜಲ್ಲ. ಬೇರಿಂಗ್ ಬದಲಿಸುವವರೆಗೆ ಘಟ್ಟ ಇಳಿಯಬೇಡಿ. ನನ್ನದು ಅತಿ ಎಚ್ಚರ ಅಂತ ಮನೆಯಲ್ಲೂ ಬೈಯುತ್ತಾರೆ, ಆದರೂ ಬೇಡ.

ಸಿ.ವಿ. ಜಾಯಿಂಟಿನ ರಬ್ಬರ್ ಹೊದಿಕೆ (ಬೂಟ್) ಹರಿದಿದೆ. ಇಂಜಿನ್ ಆಯಿಲ್ ಹಾಕಿದರೆ ಸಾಕಾ?

ಸಾಲದು. ಟಕಟಕ ಶುರುವಾಗಿಲ್ಲದಿದ್ದರೆ ಜಾಯಿಂಟ್ ಬಿಚ್ಚಿ ತೊಳೆಸಿ, ಹೊಸ ಬೂಟ್, ಕ್ಲಿಪ್, ಮಾಲಿಬ್ಡಿನಮ್ ಸೇರಿದ ಕಪ್ಪು ಗ್ರೀಸ್ ಹಾಕಿಸಿ. ಶುರುವಾಗಿದ್ದರೆ ತಡವಾಯಿತು. ಮತ್ತೆ, ವಾಟರ್ ಸರ್ವಿಸ್ ಆದ ಮೇಲೆ ಕಾರಿನಡಿ ಡೀಸೆಲ್ ಹೊಡೆಸುವುದನ್ನು ದಯವಿಟ್ಟು ನಿಲ್ಲಿಸಿ. ತುಕ್ಕು ನಿಲ್ಲುತ್ತೋ ಇಲ್ಲವೋ, ಸಸ್ಪೆನ್ಷನ್ ಕೀಲುಗಳ ಬುಷ್‌ಗಳ ರಬ್ಬರ್ ಡೀಸೆಲ್ ಕುಡಿದು ಉಬ್ಬುತ್ತದೆ.

ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ಸ್ಪ್ರಿಂಗ್ ‘ಟಂಯ್’ ಅನ್ನುತ್ತೆ.

ಸ್ಪ್ರಿಂಗ್ ಹೊತ್ತ ಕಂಬದ, ಅಂದರೆ ಸ್ಟ್ರಟ್‌ನ, ತಲೆಯ ಬೇರಿಂಗ್ ನೋಡಿಸಿ.

ಅಗಲದ ಟೈರ್ ಹಾಕಿಸಿದ ಮೇಲೆ ಯು-ಟರ್ನ್‌ನಲ್ಲಿ ಉಜ್ಜುವ ಸದ್ದು.

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ.

ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್. ಆಯಿಲ್ ಟಾಪ್ ಅಪ್ ಮಾಡಿದರು, ಆದರೂ ಸದ್ದು ಹೋಗಿಲ್ಲ.

ನಿಮ್ಮ ಸ್ಟಿಯರಿಂಗಿಗೆ ಆಯಿಲ್ ತೊಟ್ಟಿಯೇ ಇಲ್ಲ. ದುಡ್ಡು ತೆಗೆದುಕೊಂಡವರನ್ನು ಎಲ್ಲಿ ಹೊಯ್ದಿರಿ ಅಂತ ಕೇಳಿ, ನನಗೂ ತಿಳಿಸಿ.