ಮಂಡ್ಯದ ಮಳೆಗೆ ಎರಡು ವರದಿ, ಎರಡು ಮಾತು: ಯಾವುದನ್ನು ನಂಬಲಿ?

ಮುಂದಿನ ಮೂವತ್ತು ವರ್ಷಗಳಲ್ಲಿ ಮಂಡ್ಯದ ಮಳೆ ಹೆಚ್ಚುತ್ತದೆ ಎಂದು ಒಂದು ವರದಿ, ತಗ್ಗುತ್ತದೆ ಎಂದು ಇನ್ನೊಂದು ಹೇಳುತ್ತಿದೆ, ಇವು ನಂಬುವಂತಾಗುವುದು ಹೇಗೆ ಎಂದು ಕೇಳಿದ್ದೀರಿ. ಮಂಡ್ಯದ ಹತ್ತಿರದ ನಮ್ಮ ತೋಟದಲ್ಲಿ ದಿನವೂ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆಯುವವನು ನಾನು. ನನಗೆ ಈ ಪ್ರಶ್ನೆ ತೀರಾ ಹತ್ತಿರದ್ದು.

ಇಂಥ ವರದಿಗಳ ಹಿಂದೆ ಹವಾಮಾನ ಮಾದರಿಗಳಿರುತ್ತವೆ, ಅಂದರೆ ಗಾಳಿ, ಮಳೆ, ಬಿಸಿಲನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕ್ರಮಗಳು. ಆ ಮಾದರಿಯು ಹಿಂದಿನ ವರ್ಷಗಳ ಮಳೆಯನ್ನು ಹೇಗೆ ತೋರಿಸಿದೆ ಎಂದು ಮೊದಲು ನೋಡಿ. ವರ್ಷದ ಮೊತ್ತ ತಾಳೆಯಾದರೆ ಸಾಲದು. ನಮ್ಮಲ್ಲಿ ಮೇ ತಿಂಗಳಲ್ಲೊಮ್ಮೆ ಮಳೆ ಏರುತ್ತದೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೂ ಜೋರಾಗಿ ಏರುತ್ತದೆ. ನಡುವಿನ ಜೂನ್, ಜುಲೈನಲ್ಲಿ ಬಹುತೇಕ ಸೋನೆ. ಅದೇ ಹೊತ್ತಿಗೆ ಕೊಡಗಿನ ಭಾಗಮಂಡಲದಲ್ಲಿ ಧೋ ಎಂದು ಸುರಿದು ಕನ್ನಂಬಾಡಿ ಕಟ್ಟೆಗೆ ನೀರು ಬರುತ್ತದೆ. ಜಾಗತಿಕ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಭಾಗಿಸಿ ಲೆಕ್ಕ ಹಾಕುತ್ತವೆ, ಒಂದೊಂದು ಚೌಕ ಸುಮಾರು 100 ಕಿಲೋಮೀಟರ್ ಅಗಲ. ಕೊಡಗಿನ ಬೆಟ್ಟದಿಂದ ಮಂಡ್ಯದ ಬಯಲಿನವರೆಗೆ ಒಂದೆರಡು ಚೌಕದಲ್ಲಿ ಮುಗಿದುಹೋಗುತ್ತದೆ. ಮಾದರಿಯಲ್ಲಿ ಬೆಟ್ಟದ ಎತ್ತರ ಸವೆದು, ಮಳೆನೆರಳೂ (ಬೆಟ್ಟ ಮೋಡ ತಡೆಯುವುದರಿಂದ ಆಚೆ ಬದಿಗೆ ಮಳೆ ಕಡಿಮೆಯಾಗುವುದು) ಮಸುಕಾಗುತ್ತದೆ.

ದಕ್ಷಿಣ ಏಷ್ಯಾಕ್ಕಾಗಿ 50, 25 ಕಿಲೋಮೀಟರ್ ಚೌಕದ ಪ್ರಾದೇಶಿಕ ಮಾದರಿಗಳಿವೆ. ಬೆಟ್ಟ ಅವುಗಳಲ್ಲಿ ಹೆಚ್ಚು ಸ್ಪಷ್ಟ. ಆದರೆ ಅಂಚಿನಿಂದ ಒಳಬರುವ ಮುಂಗಾರಿನ ಗಾಳಿಯನ್ನು ಅವು ಜಾಗತಿಕ ಮಾದರಿಯಿಂದಲೇ ಪಡೆಯುತ್ತವೆ. ಅಲ್ಲಿ ತಪ್ಪಿದ್ದರೆ ಚೌಕ ಎಷ್ಟು ಚಿಕ್ಕದಾದರೂ ತಪ್ಪು ಉಳಿಯುತ್ತದೆ. ಹಾಗಾಗಿ ಒಂದೇ ಮಾದರಿಗೆ ಜೋತುಬೀಳದೆ ಹಲವನ್ನು ಒಟ್ಟಿಗೆ ಓಡಿಸಿ, ಹಿಂದಿನ ಮಳೆಯ ಪರೀಕ್ಷೆಯಲ್ಲಿ ಸೋತವನ್ನು ಬದಿಗಿಟ್ಟು, ಉಳಿದವು ಎಷ್ಟರಿಂದ ಎಷ್ಟರವರೆಗೆ ಹೇಳುತ್ತವೆ ಎಂಬುದನ್ನು ಮುಚ್ಚಿಡದೆ ಪ್ರಕಟಿಸಬೇಕು. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆಗಳಿಂದ ಏಳುವ ತೇವವೂ ಲೆಕ್ಕಕ್ಕೆ ಬರಬೇಕು.

ಇಷ್ಟೆಲ್ಲ ನಿಂತಿರುವುದು ಅಳತೆಯ ಮೇಲೆ. ನಮ್ಮ ಮಳೆಮಾಪಕದ ಪಕ್ಕದ ಹೊಂಗೆ ಕೊಂಬೆ ಚಾಚಿದ ಮೇಲೆ ಎರಡು ವರ್ಷ ನನ್ನ ಪುಸ್ತಕದಲ್ಲಿ ಮಳೆಯ ಅಂಕಿ ಇಳಿಯಿತು. ಪಕ್ಕದ ತೋಟದ ಅಳತೆ ಮಾತ್ರ ಇಳಿಯಲಿಲ್ಲ. ಮರದ ಎತ್ತರದ ಎರಡು ಪಟ್ಟು ದೂರವಾದರೂ ಮಾಪಕ ಇರಬೇಕು. ಆ ಪುಟಗಳಿಗೆ ಕೆಂಪು ಗುರುತು ಹಾಕಿ ಮಾಪಕವನ್ನು ಬಯಲಿಗೆ ತಂದೆ. ಅಳೆಯದ ದಿನಕ್ಕೆ ಸೊನ್ನೆ ಬರೆಯುವುದು ಇದಕ್ಕಿಂತ ದೊಡ್ಡ ಅನ್ಯಾಯ. ಮಳೆ ಬಾರದ ದಿನ ಬೇರೆ, ಯಾರೂ ನೋಡದ ದಿನ ಬೇರೆ. ಅಂಥ ಸುಳ್ಳು ಸೊನ್ನೆಗಳನ್ನು ಆಧಾರವಾಗಿಟ್ಟು ಮಾದರಿಯನ್ನು ತಿದ್ದಿದರೆ ಆ ತಿದ್ದುಪಡಿಯೇ ದಾರಿ ತಪ್ಪಿಸುತ್ತದೆ.

ನಿಮ್ಮ ಎರಡೂ ವರದಿಗಳಲ್ಲಿ ತಿಂಗಳುವಾರು ಅಂಕಿಗಳನ್ನು ಹುಡುಕಿ. ನಿಮ್ಮದು ನಾಲೆಯ ಗದ್ದೆಯಾದರೆ ಕೊಡಗಿನ ಜೂನ್, ಜುಲೈ ಮಳೆಗೆ ಏನು ಹೇಳಿದೆ ಎಂದು ನೋಡಿ. ನಾಗಮಂಗಲದ ಕಡೆಯ ರಾಗಿ ಹೊಲವಾದರೆ ನಿಮ್ಮ ಊರಿನ ಸೆಪ್ಟೆಂಬರ್, ಅಕ್ಟೋಬರ್ ನೋಡಿ.